ಗ್ಯಾರೇಜಿನ ಥಿನ್ನರ್ ಮಾಡೆಲ್ ಕಾರಿಗೆ ಬೇಡ: ನನ್ನ 1932ರ ಫೋರ್ಡ್ ಹಾಳಾದ ಕಥೆ

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟುವ ಮಾಡೆಲ್ ಕಾರಿಗೆ ಗ್ಯಾರೇಜಿನ ಎನ್.ಸಿ. (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಕಲಸಿದ ಬಣ್ಣ ಹೊಡೆಯಬೇಡಿ. ಬಣ್ಣದ ಮೇಲೆ ಹೊಡೆಯುವ, ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಾರದರ್ಶಕ ಕ್ಲಿಯರ್ ಕೋಟ್ ಅಂತೂ ಮನೆಯೊಳಗೆ ಬೇಡವೇ ಬೇಡ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅನ್ನುವವರು ಮುಂದೆ ಓದಿ. ಈ ಕಥೆಯಲ್ಲಿ ಪೆದ್ದ ನಾನೇ.

ನಮ್ಮ ಭಾವ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಹಳೇ ಕಾರು ಅಂದರೆ ಪ್ರಾಣ. ಹೋದ ಸಲ ಊರಿಗೆ ಬಂದಾಗ 1932ರ ಫೋರ್ಡ್ ಕೂಪೆಯ (ಎರಡು ಬಾಗಿಲ ಕಾರಿನ) ಕಿಟ್ ತಂದುಕೊಟ್ಟರು. ಅಳತೆ 1/25, ಅಂದರೆ ಅಸಲಿ ಕಾರಿನ ಇಪ್ಪತ್ತೈದರಲ್ಲೊಂದು ಪಾಲು. ‘ನಿನ್ನ ಕೈ ಚೆನ್ನಾಗಿದೆ ಕಣೋ. ಇದನ್ನ ಹಾಟ್ ರಾಡ್ ಮಾಡಿಕೊಡು. ಮುಂದಿನ ಗೌರಿ ಹಬ್ಬಕ್ಕೆ ಬರ್ತೀವಿ, ತಗೊಂಡು ಹೋಗ್ತೀನಿ’ ಅಂದರು. ಅಕ್ಕ ಪಕ್ಕದಲ್ಲೇ ನಿಂತು ನಗುತ್ತಿದ್ದಳು. ಆಯ್ತು ಭಾವ ಅಂದುಬಿಟ್ಟೆ. ನಾನಿರುವುದು ಶಿವಮೊಗ್ಗ. ಗೌರಿ ಹಬ್ಬಕ್ಕೆ ಮುಗಿಸಬೇಕು ಅಂದರೆ ಬಣ್ಣದ ಕೆಲಸವೆಲ್ಲ ಮಳೆಗಾಲದಲ್ಲೇ ಬರುತ್ತದೆ. ಆ ಲೆಕ್ಕ ಅವತ್ತು ತಲೆಗೆ ಹೋಗಲಿಲ್ಲ.

ಹಾಟ್ ರಾಡ್ ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಕಾರನ್ನು ವೇಗಕ್ಕೆಂದು ಕತ್ತರಿಸಿ ತಿದ್ದಿದರೆ ಅದು ಹಾಟ್ ರಾಡ್. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇರುವ ಕಾರು ತಂದಿತು. 65 ಕುದುರೆ ಶಕ್ತಿ. ಇವತ್ತಿಗೆ ಅದೇನು ಮಹಾ ಅನ್ನಿಸಬಹುದು, ಆ ಕಾಲಕ್ಕೆ ಆ ಬೆಲೆಗೆ ದೊಡ್ಡ ಮಾತು. ಹತ್ತು ಹದಿನೈದು ವರ್ಷದಲ್ಲಿ ಅವೆಲ್ಲ ಸೆಕೆಂಡ್ ಹ್ಯಾಂಡ್ ಆದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಅಗ್ಗಕ್ಕೆ ಕೊಂಡರು. ಮಡ್‌ಗಾರ್ಡ್ ಕಿತ್ತರು. ಗಾಳಿಗೆ ಕಡಿಮೆ ಸಿಗಲಿ ಅಂತ ಕಿಟಕಿಗಳ ನಡುವಿನ ಕಂಬಗಳನ್ನು ಕತ್ತರಿಸಿ ಚಾವಣಿ ತಗ್ಗಿಸಿದರು. ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬಿದರು. ಮುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆ ಅಂಗಳಗಳಲ್ಲಿ ಓಡಿಸಿದರು. 1949ರಿಂದ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿಗೂ ಹೋದರು. 32ರ ಮಾಡೆಲ್‌ಗೆ ‘ಡ್ಯೂಸ್’ ಅಂತ ಅಡ್ಡಹೆಸರು. ಇಸ್ಪೀಟಿನಲ್ಲಿ ಎರಡರ ಎಲೆಗೆ ಅಮೆರಿಕದಲ್ಲಿ ಹಾಗೆನ್ನುತ್ತಾರೆ.

ಹೀಗೆ ಚಾವಣಿ ಕತ್ತರಿಸುವ ಕೆಲಸ ಚೆನ್ನಾಗೇ ಆಯಿತು. ಅದನ್ನು ಸ್ವಲ್ಪ ಹೇಳಲೇಬೇಕು, ಹೊಗಳಿಕೊಳ್ಳುವುದಕ್ಕೆ ಇರುವುದು ಅದೊಂದೇ. ಅಸಲಿ ಕಾರಿನಲ್ಲಿ ಮೂರು ಇಂಚು ತಗ್ಗಿಸಿದರೆ ಮಾಡೆಲ್‌ನಲ್ಲಿ ಮೂರು ಮಿಲಿಮೀಟರ್. 76 ಮಿ.ಮೀ.ಯನ್ನು 25ರಿಂದ ಭಾಗಿಸಿ ನೋಡಿ. ಮೂರು ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಪಟ್ಟಿಯನ್ನು ಕಿಟಕಿ ಕಂಬಗಳ ಸುತ್ತ ಅಂಟಿಸಿದೆ. ಟೇಪಿನ ಮೇಲಂಚಿಗೆ ಒಂದು ಸಲ, ಕೆಳಂಚಿಗೆ ಒಂದು ಸಲ ಸಣ್ಣ ಗರಗಸ ಆಡಿಸಿದೆ. ಚಾವಣಿ ಕೈಗೆ ಬಂತು. ಕೆಳಗಿಟ್ಟು ನೋಡಿದರೆ ಕಂಬ ಕಂಬಕ್ಕೆ ಕೂರುವುದಿಲ್ಲ, ಯಾಕೆಂದರೆ ಕಂಬಗಳು ನೆಟ್ಟಗಿಲ್ಲ, ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ. ಮುಂದಿನ ಕಂಬಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿಸಿ, ಒಳಗೆ ತೆಳು ಹಿತ್ತಾಳೆ ತಂತಿ ಚುಚ್ಚಿ ಕೂಡಿಸಿದೆ. ಎರಡು ಭಾನುವಾರ ಹಿಡಿಯಿತು. ಆ ತಗ್ಗು ಚಾವಣಿ ಕೂತ ಕ್ಷಣ ಕಾರಿಗೆ ಹುಬ್ಬು ಗಂಟಿಕ್ಕಿದ ಕಳೆ ಬಂತು.

ಇಲ್ಲಿಂದ ಮುಂದೆ ನನ್ನ ಬುದ್ಧಿ ಕೆಟ್ಟಿತು.

ಕೂಡಿಸಿದ ಜಾಗ ಸಾಪು ಮಾಡಲು ಪುಟ್ಟಿ ಬೇಕಿತ್ತು. ಮಾಡೆಲ್‌ಗೆಂದೇ ಮಾಡಿದ ಪುಟ್ಟಿ, ಬಣ್ಣ ಎಲ್ಲ ಬೆಂಗಳೂರಿನಿಂದ ತರಿಸಬೇಕು. ಪುಟಾಣಿ ಬಾಟಲಿಗೆ ಕೊಡುವ ದುಡ್ಡು ನೋಡಿ ಹೊಟ್ಟೆ ಉರಿಯಿತು. ನಮ್ಮ ಮನೆ ಹತ್ತಿರವೇ ಒಂದು ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜ್ ಇದೆ. ಅಲ್ಲಿಗೆ ಬಾಡಿ ಹಿಡಿದುಕೊಂಡು ಹೋದೆ. ಗ್ಯಾರೇಜಿನವರು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ನಕ್ಕರು. ‘ಮೇಷ್ಟ್ರೇ, ನಾವು ಇನ್ನೋವಾಗೇ ಹೊಡೀತೀವಿ, ಇದ್ಯಾವ ಲೆಕ್ಕ?’ ಅಂದರು. ಇದು ಪ್ಲಾಸ್ಟಿಕ್ ಅಲ್ವಾ ಅಂದೆ. ‘ಈಗಿನ ಬಂಪರ್ ಮತ್ತೇನು, ಕಬ್ಬಿಣಾನಾ? ಅದಕ್ಕೂ ಇದೇ ಬಣ್ಣ’ ಅಂದರು. ಮಾತು ಸರಿ ಅನ್ನಿಸಿತು. ಎನ್.ಸಿ. ಪುಟ್ಟಿ, ಒಂದು ಲೀಟರ್ ಥಿನ್ನರ್, ಸ್ವಲ್ಪ ಬೆಳ್ಳಿ ಬಣ್ಣ, ಸ್ವಲ್ಪ ಕೆಂಪು, ಎಲ್ಲ ಸೇರಿ ಮಾಡೆಲ್ ಬಣ್ಣದ ಎರಡು ಬಾಟಲಿಯ ಬೆಲೆಗೆ ಬಂತು. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಅವರು ಸುಳ್ಳು ಹೇಳಲಿಲ್ಲ. ಆದರೆ ಕಾರಿನ ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಥಿನ್ನರ್ ಅದನ್ನು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಬಣ್ಣ ಹಿಡಿಯುವುದಕ್ಕೇ ಅದಕ್ಕೆ ಬೇರೆ ಪ್ರೈಮರ್ ಬೇಕಾಗುತ್ತದೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಹೆಸರು ಅಣ್ಣತಮ್ಮಂದಿರ ಹಾಗಿದ್ದರೂ ಗುಣ ಪೂರ್ತಿ ಬೇರೆ. ಎನ್.ಸಿ. ಥಿನ್ನರ್‌ನಲ್ಲಿರುವ ಟಾಲ್ಯೂಯಿನ್, ಅಸಿಟೋನಿನ ಜಾತಿಯ ದ್ರಾವಕಗಳು ಪಾಲಿಸ್ಟೈರೀನನ್ನು ನೇರವಾಗಿ ಕರಗಿಸುತ್ತವೆ. ಅಷ್ಟೇಕೆ, ಮಾಡೆಲ್ ಅಂಟಿಸುವ ಗಮ್ ಕೆಲಸ ಮಾಡುವುದೂ ಹೀಗೆಯೇ, ಎರಡು ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ನಾನು ಕಾರಿನ ಮೈಗೆಲ್ಲ ಹೊಡೆದದ್ದು ಹೆಚ್ಚು ಕಡಿಮೆ ಅಂಥದ್ದೇ ಗಮ್ ಅನ್ನಿ.

ಮೊದಲ ಪೆಟ್ಟು ಪುಟ್ಟಿಯದು. ಕಂಬಗಳ ಮೇಲೆ ಒಂದೇ ಸಲಕ್ಕೆ ದಪ್ಪ ಮೆತ್ತಿದ್ದೆ. ಅದರೊಳಗಿನ ಥಿನ್ನರ್ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಪ್ಲಾಸ್ಟಿಕ್ಕಿಗೇ ಇಳಿಯಿತು. ಎರಡು ಮಿ.ಮೀ. ದಪ್ಪವೂ ಇಲ್ಲದ ಕಂಬ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿ, ಒಣಗುವಾಗ ಸೊಟ್ಟಗಾಯಿತು. ಒಳಗೆ ತಂತಿ ಇಲ್ಲದಿದ್ದರೆ ಚಾವಣಿ ಕುಸಿದೇ ಹೋಗುತ್ತಿತ್ತು. ಇಲ್ಲಾದರೂ ನಿಲ್ಲಿಸಬೇಕಿತ್ತು. ವಾಟರ್ ಪೇಪರ್ ಹಾಕಿ ಉಜ್ಜಿ, ಸರಿಹೋಯಿತು ಅಂದುಕೊಂಡೆ.

ಆಮೇಲೆ ಬಣ್ಣ. ಮನಸ್ಸಿನಲ್ಲಿ ಇದ್ದದ್ದು ಕ್ಯಾಂಡಿ ಆಪಲ್ ಕೆಂಪು. ಕಾರುಗಳಿಗೆ ಹೊಸ ರೂಪ ಕೊಡುತ್ತಿದ್ದ ಕ್ಯಾಲಿಫೋರ್ನಿಯಾದ ಜೋ ಬೇಲನ್ ಹೆಸರಿಗೆ ಅಂಟಿಕೊಂಡ ಬಣ್ಣ ಅದು. ಕೆಳಗೆ ಬೆಳ್ಳಿ ಅಥವಾ ಬಂಗಾರದ ಬಣ್ಣ, ಮೇಲೆ ಪಾರದರ್ಶಕ ಕೆಂಪು. ಬೆಳಕು ಕೆಂಪನ್ನು ದಾಟಿ ಒಳಗಿನ ಹೊಳಪಿಗೆ ಬಡಿದು ವಾಪಸ್ಸು ಬರುತ್ತದೆ. ಬೆಳ್ಳಿ ಬಣ್ಣಕ್ಕೆ ಥಿನ್ನರ್ ಧಾರಾಳವಾಗಿ ಕಲಸಿ, ಗಾಳಿಯಿಂದ ಬಣ್ಣ ಚಿಮ್ಮಿಸುವ ಪುಟ್ಟ ಏರ್‌ಬ್ರಷ್‌ಗೆ ಹಾಕಿ, ಗ್ಯಾರೇಜಿನಲ್ಲಿ ನೋಡಿದ ಹಾಗೆ ಒದ್ದೆಯಾಗಿ ಹೊಡೆದೆ. ಐದು ನಿಮಿಷ ಕನ್ನಡಿಯಂತಿತ್ತು. ಹತ್ತನೇ ನಿಮಿಷಕ್ಕೆ ಚಾವಣಿಯ ಮೂಲೆಗಳಲ್ಲಿ ಜೇಡರ ಬಲೆ ಕಾಣಿಸಿತು. ಬಾಗಿಲ ಗೆರೆಗಳ ಹತ್ತಿರ ಬಿರುಕು. ಬಾನೆಟ್ಟಿನ ಮೇಲೆ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು. ಉಗುರು ತಾಗಿಸಿದರೆ ಅಚ್ಚು ಬೀಳುತ್ತಿತ್ತು, ಬಣ್ಣದಲ್ಲಲ್ಲ, ಪ್ಲಾಸ್ಟಿಕ್ಕಿನಲ್ಲಿ.

ಯಾಕೆ ಅಂತ ಆಗ ಹೊಳೆಯಲಿಲ್ಲ. ಹೊಳೆದದ್ದು ನಾಲ್ಕು ದಿನ ಬಿಟ್ಟು. ಓಣಿಯ ಹುಡುಗರು ಗಣಪತಿ ಕೂರಿಸುವ ತಯಾರಿಯಲ್ಲಿದ್ದರು. ಯಾರದೋ ಹೊಸ ಫ್ರಿಜ್ ಜೊತೆ ಬಂದ ಥರ್ಮಾಕೋಲನ್ನು ಮಂಟಪಕ್ಕೆ ಕತ್ತರಿಸಿಟ್ಟುಕೊಂಡು ಸ್ಪ್ರೇ ಡಬ್ಬದಿಂದ ಬಣ್ಣ ಹೊಡೆಯುತ್ತಿದ್ದರು. ‘ಸಾರ್, ತೂತು ಬೀಳ್ತಿದೆ, ಯಾಕೆ ಸಾರ್?’ ಅಂತ ಕೇಳಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಬಾಯಿ ಸುಮ್ನೆ ಇರುತ್ತದಾ? ‘ಥರ್ಮಾಕೋಲ್ ಅಂದ್ರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್ ಕಣ್ರೋ. ಸ್ಪ್ರೇ ಬಣ್ಣದಲ್ಲಿರೋ ಥಿನ್ನರ್ ಅದನ್ನ ತಿಂದುಹಾಕುತ್ತೆ...’ ಅಷ್ಟಕ್ಕೆ ಮಾತು ನಿಂತಿತು. ಹುಡುಗರು ಕಾಯುತ್ತಿದ್ದರು. ನೀರಿನ ಬಣ್ಣ ಬಳಿಯಿರಿ ಅಂತ ಹೇಳಿ ಮನೆಗೆ ಬಂದೆ. ನನ್ನ ಕಾರೂ ಥರ್ಮಾಕೋಲೇ. ಗಾಳಿ ಇಲ್ಲದೆ ಗಟ್ಟಿಯಾಗಿರುವುದರಿಂದ ಕರಗಲು ಸ್ವಲ್ಪ ಹೊತ್ತು ಜಾಸ್ತಿ, ಅಷ್ಟೇ ವ್ಯತ್ಯಾಸ.

ಹಬ್ಬಕ್ಕೆ ಎರಡೂವರೆ ವಾರ ಉಳಿದಿತ್ತು. ಬಣ್ಣ ತೆಗೆಯಲು ಬಾಡಿಯನ್ನು ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸಿಟ್ಟೆ. ಕೈಗೆ ಗ್ಲೌಸ್ ಹಾಕಿಕೊಂಡರೆ, ಉಳಿದ ಆಯಿಲನ್ನು ಮೋರಿಗೆ ಚೆಲ್ಲದಿದ್ದರೆ, ಇದು ಪ್ಲಾಸ್ಟಿಕ್ಕಿಗೆ ತೊಂದರೆ ಕೊಡದ ದಾರಿಯೇ. ಬಣ್ಣ ಹೋಯಿತು, ಬಿರುಕು ಹಾಗೇ ಉಳಿಯಿತು. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು, ಈ ಸಲ ದೂರದಿಂದ ತೆಳುವಾಗಿ, ಧೂಳಿನ ಹಾಗೆ ಬಣ್ಣ. ಹನಿ ತಾಗುವ ಮೊದಲೇ ಅರ್ಧ ಥಿನ್ನರ್ ಆರಿಹೋಗುವುದರಿಂದ ಪ್ಲಾಸ್ಟಿಕ್ ಹೇಗೋ ತಡೆಯಿತು. ಆದರೆ ಹೊರಗೆ ಜಡಿಮಳೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕೆಂಪು ಬಣ್ಣದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಬ್ಬು. ಗ್ಯಾರೇಜಿನವರನ್ನು ಕೇಳಿದರೆ, ‘ಮಳೇಲಿ ನಾವೇ ಹೊಡೆಯಲ್ಲ ಮೇಷ್ಟ್ರೇ, ಕೇಳೋದಲ್ವಾ?’ ಅಂದರು.

ಇನ್ನೊಂದು ಲೆಕ್ಕವೂ ಆಗ ಅರ್ಥವಾಯಿತು. ಅಸಲಿ ಕಾರಿನ ಬಣ್ಣದ ಪದರ ಸುಮಾರು 0.1 ಮಿ.ಮೀ. ಅಷ್ಟೇ ದಪ್ಪ ನನ್ನ ಮಾಡೆಲ್ ಮೇಲೆ ಕೂತರೆ, ಅಸಲಿ ಕಾರಿಗೆ ಎರಡೂವರೆ ಮಿ.ಮೀ. ಬಣ್ಣ ಮೆತ್ತಿದಂತೆ. ನನ್ನದರಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಬಾಗಿಲ ಗೆರೆಗಳು ಮುಚ್ಚಿಹೋದವು. ಗ್ಯಾರೇಜಿನ ಬೆಳ್ಳಿ ಬಣ್ಣದ ಮಿನುಗು ಚೂರುಗಳೂ ಈ ಅಳತೆಗೆ ದೊಡ್ಡವು. ಹತ್ತಿರದಿಂದ ನೋಡಿದರೆ ಕಾರಿಗೆ ಜರಿ ಉದುರಿಸಿದ ಹಾಗೆ ಕಾಣುತ್ತಿತ್ತು.

ಇಷ್ಟಾದ ಮೇಲೂ ಸುಮ್ಮನಿರದೆ ಮಾಡಿದ ಕೊನೆಯ ಕೆಲಸವನ್ನು ಹೇಳಲು ಈಗಲೂ ನಾಚಿಕೆ. ಮೇಲೆ ದಪ್ಪ ಕ್ಲಿಯರ್ ಕೋಟ್ ಕೊಟ್ಟರೆ ಎಲ್ಲ ಮುಚ್ಚಿಹೋಗುತ್ತದೆ ಅನ್ನಿಸಿತು. ಅದೇ ಗ್ಯಾರೇಜಿನಿಂದ ಪಿ.ಯು. (ಪಾಲಿಯುರೆಥೇನ್) ಕ್ಲಿಯರ್, ಜೊತೆಗೆ ಹಾರ್ಡನರ್ ತಂದೆ. ಮಳೆ ಅಂತ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಹೊಡೆದೆ. ಮೂತಿಗೆ ಕೊರೋನಾ ಕಾಲದ ಬಟ್ಟೆ ಮಾಸ್ಕ್.

ಆ ಹಾರ್ಡನರ್‌ನಲ್ಲಿ ಇರುವುದು ಐಸೊಸಯನೇಟ್. ಸ್ಪ್ರೇ ಮಾಡಿದಾಗ ಅದು ಮಂಜಿನ ಹಾಗೆ ಉಸಿರಿಗೆ ಇಳಿಯುತ್ತದೆ. ಅದರ ಆವಿಗೆ ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಯಾವ ಲೆಕ್ಕಕ್ಕೂ ಇಲ್ಲ. ಅದರಿಂದ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಅದರ ಅಲರ್ಜಿ ಹತ್ತಿದರೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟಬಹುದು. ಸರಿಯಾದ ಪೇಂಟ್ ಬೂತ್‌ಗಳಲ್ಲಿ ಪೈಪಿನಿಂದ ಹೊರಗಿನ ಗಾಳಿ ಬರುವ ಮುಖವಾಡ ಹಾಕಿಕೊಂಡು ಹೊಡೆಯುವುದು ಇದಕ್ಕೇ. ಅವತ್ತು ರಾತ್ರಿ ಎದೆ ಬಿಗಿದುಕೊಂಡಿತು. ಕೆಮ್ಮು ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ಆಟೋ ಹಿಡಿದು ಆಸ್ಪತ್ರೆಗೆ ಹೋಗಿ ನೆಬುಲೈಸರ್ ಹಾಕಿಸಿಕೊಂಡು ಬಂದೆ. ಏನು ಹೊಡೆದೆ ಅಂತ ಡಾಕ್ಟರ್ ಕೇಳಿದಾಗ ಆಟದ ಕಾರು ಅನ್ನಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು: ‘ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ ಅಂತ ಗೊತ್ತಿತ್ತಲ್ವಾ?’ ನಿಜ. ಥಿನ್ನರ್ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಯಾರಾದರೂ ಬಿಸಿನೀರಿಗೆ ನಲ್ಲಿ ತಿರುಗಿಸಿದ್ದರೆ ಗೀಸರ್ ಹೊತ್ತಿಕೊಳ್ಳುತ್ತಿತ್ತು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಅಂದಹಾಗೆ ಕ್ಲಿಯರ್ ಯಾವ ತಪ್ಪನ್ನೂ ಮುಚ್ಚಲಿಲ್ಲ, ಭೂತಗನ್ನಡಿ ಹಿಡಿದು ತೋರಿಸಿತು. ಕೊನೆಗೆ ತಗ್ಗಿದ ಕಿಟಕಿಗೆ ಹೊಸ ಗಾಜು ಕತ್ತರಿಸಿ ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಅದರ ಆವಿ ಕೂತು ಗಾಜೂ ಬೆಳ್ಳಗಾಯಿತು. ಅಲ್ಲಿ ಹಾಕಬೇಕಿದ್ದದ್ದು ನಮ್ಮ ಮಾಮೂಲಿ ಫೆವಿಕಾಲ್.

ಈಗ ನಾನು ಮಾಡುವುದು ಇಷ್ಟು. ಮಾಡೆಲ್‌ಗೆಂದೇ ಇರುವ ಬಣ್ಣ, ಅದೇ ಕಂಪನಿಯ ಥಿನ್ನರ್. ಅವರ ಲ್ಯಾಕರ್ ಜಾತಿಯ ಬಣ್ಣ ಪ್ಲಾಸ್ಟಿಕ್ಕನ್ನು ಅಷ್ಟಾಗಿ ಕಚ್ಚುವುದಿಲ್ಲ. ಅಕ್ರಿಲಿಕ್, ಎನಾಮಲ್ ಇನ್ನೂ ಸಾಧು. ಮೊದಲು ಪ್ರೈಮರ್, ತೆಳುವಾಗಿ ಎರಡು ಮೂರು ಸಲ. ಪುಟ್ಟಿ ಹಾಕಿದರೆ ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದು. ಯಾವ ಹೊಸ ಡಬ್ಬ ಬಂದರೂ ಕಿಟ್‌ನ ಭಾಗಗಳು ಕೂತಿರುವ ಕಡ್ಡಿಯ ಚೌಕಟ್ಟಿಗೆ ಹೊಡೆದು ಒಂದು ರಾತ್ರಿ ಬಿಡುತ್ತೇನೆ. ಅದೂ ಅದೇ ಪ್ಲಾಸ್ಟಿಕ್, ಹೇಗೂ ಎಸೆಯುವುದು. ಈ ಬಿಟ್ಟಿ ಪರೀಕ್ಷೆಯನ್ನು ನಾನು ಒಂದೇ ಒಂದು ಸಲ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಜಡಿಮಳೆಯ ದಿನ ಏರ್‌ಬ್ರಷ್ ಮುಟ್ಟುವುದಿಲ್ಲ. ಹೊಡೆಯುವುದು ಟೆರೇಸಿನ ಮೇಲೆ. ಹಾರ್ಡನರ್ ಡಬ್ಬ ಗ್ಯಾರೇಜಿಗೆ ವಾಪಸ್ಸು ಹೋಯಿತು.

ಗೌರಿ ಹಬ್ಬದ ಹಿಂದಿನ ದಿನ ಭಾವ ಬಂದರು. ಕಾಫಿ ಕುಡಿಯುತ್ತಾ ಕಾರನ್ನು ಕೈಗೆತ್ತಿಕೊಂಡು, ತುಂಬ ಹೊತ್ತು ನೋಡಿ, ‘ಇದರ ಮೇಲೆ ಬಿಸಿ ಸಾರು ಚೆಲ್ಲಿತೇನೋ?’ ಅಂದರು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಎಂಜಿನ್ ಮಾತ್ರ ಅವರಿಗೆ ಇಷ್ಟವಾಯಿತು. ಅದಕ್ಕೆ ನಾನು ಬಣ್ಣ ಹೊಡೆದಿರಲಿಲ್ಲ. ಅದನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ತೆಗೆದುಕೊಂಡು ಹೋದರು.

ಇನ್ನೊಂದು ಕಿಟ್ ಕಳಿಸಿದ್ದಾರೆ. ಸಂಕ್ರಾಂತಿ ಆಗುವವರೆಗೆ ಅದರ ಡಬ್ಬ ತೆರೆಯುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಬೀರುವಿನ ಬೀಗದ ಕೈ ಅವಳ ಹತ್ತಿರವೇ ಇದೆ.