ಕೈಯಲ್ಲಿ ಹಿಡಿಯುವ ಲಿಬ್ಸ್ ಯಂತ್ರ: ಎರಡು ಮಳೆಗಾಲ ಬಳಸಿದ ಮೇಲೆ

ನಾನು ಭೂವಿಜ್ಞಾನದವನು, ಓಡಾಟವೆಲ್ಲ ಹಾಸನ ಜಿಲ್ಲೆಯೊಳಗೆ. ಲಿಬ್ಸ್ ಅಂದರೆ ಲೇಸರ್ ಕಿಡಿಯ ಬೆಳಕಿನಿಂದ ಧಾತು ಗುರುತಿಸುವ ವಿಧಾನ. ಗನ್ನಿನಂತಿರುವ ಈ ಯಂತ್ರವನ್ನು ಕಲ್ಲಿಗೆ ಆನಿಸಿ ಗುಂಡಿ ಒತ್ತಿದರೆ ಲೇಸರ್ ಒಂದು ಚುಕ್ಕೆಯಷ್ಟು ಜಾಗ ಸುಟ್ಟು ಪ್ಲಾಸ್ಮಾ, ಅಂದರೆ ಕಾದು ಹೊಳೆಯುವ ಅನಿಲದ ಕಿಡಿ, ಮಾಡುತ್ತದೆ. ಆ ಕಿಡಿಯ ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ, ಆ ಗೆರೆಗಳಿಂದ ಯಾವ ಧಾತು ಇದೆ ಅಂತ ಹೇಳುತ್ತದೆ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಗಂಧಕ ಪತ್ತೆ ಮಾಡಿದ್ದು ಇದೇ ವಿಧಾನದಿಂದ. ಅಲ್ಲಿ ಮಳೆ ಇಲ್ಲ, ಸಕಲೇಶಪುರದಲ್ಲಿ ಇದೆ. ನನ್ನ ತಕರಾರೆಲ್ಲ ಅಲ್ಲಿಂದಲೇ ಶುರು.

ಬಂಡೆಯ ಮೇಲೆ ದೂರುವಂಥದ್ದೇನಿಲ್ಲ. ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದ ಕಡೆಯ ಕಪ್ಪು ಕಲ್ಲಿಗೆ ಹಿಡಿದರೆ 425, 427, 429 ನ್ಯಾನೋಮೀಟರಿನ ಆಸುಪಾಸು ಕ್ರೋಮಿಯಂನ ಮೂರು ಗೆರೆ ಸಾಲಾಗಿ ಎದ್ದು ನಿಲ್ಲುತ್ತವೆ. ಎಕ್ಸ್‌ರೇಯಿಂದ ಧಾತು ಅಳೆಯುವ ಕೈಗನ್ನಿಗೆ ಕಾಣದ ಲಿಥಿಯಂ ಕೂಡ ಇದಕ್ಕೆ ಕಾಣುತ್ತದೆ.

ಕಾಫಿ ತೋಟದ ಮಣ್ಣು ಮಾತ್ರ ನೀರು ಕುಡಿಸಿತು. ಒಂದೇ ಚೀಲದ ಮಣ್ಣು, ಬೆಳಿಗ್ಗೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಇನ್ನೊಂದು. ತೇವವಿದ್ದರೆ ಕಿಡಿಯೇ ಮಂಕು. ಒಣಗಿಸಿ, ಅರೆದು, ಪ್ರೆಸ್ಸಿನಲ್ಲಿ ಬಿಲ್ಲೆ ಒತ್ತಿದ ಮೇಲೆ ಅಂಕಿ ಒಂದು ಹದಕ್ಕೆ ಬಂತು. ಆದರೂ ಕೆಮ್ಮಣ್ಣಿನ ಕಬ್ಬಿಣಕ್ಕೆ ನೂರಾರು ಗೆರೆ, ಬೇರೆಯವು ಅದರಡಿ ಮುಚ್ಚಿಹೋಗುತ್ತವೆ. ಗೆರೆಯ ಹೊಳಪನ್ನು ಪ್ರಮಾಣಕ್ಕೆ ತಿರುಗಿಸುವ ಲೆಕ್ಕವೇ ಕ್ಯಾಲಿಬ್ರೇಶನ್; ಕಂಪನಿಯವರು ಹಾಕಿಕೊಟ್ಟದ್ದು ಕಲ್ಲಿನದು, ಮಣ್ಣಿಗೆ ಹೊಂದಲಿಲ್ಲ. ಅದೇ ಬಿಲ್ಲೆಗಳನ್ನು ಲ್ಯಾಬಿಗೂ ಕಳಿಸಿ, ನಾನೇ ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿಕೊಂಡೆ. ಅದಕ್ಕೇ ಒಂದು ಬೇಸಿಗೆ ಹೋಯಿತು. ಏನಿದೆ ಅನ್ನುವುದರಲ್ಲಿ ಯಂತ್ರವನ್ನು ನಂಬುತ್ತೇನೆ, ಎಷ್ಟಿದೆ ಅನ್ನುವುದರಲ್ಲಿ ಲ್ಯಾಬನ್ನು ಕೇಳದೆ ನಂಬುವುದಿಲ್ಲ.

ತೋಟದ ಗೌಡರು ಮೊದಲು ಕೇಳಿದ್ದೇ, “ಸಾರ್, ಸಾರಜನಕ ಎಷ್ಟಿದೆ ಹೇಳ್ತದಾ?” ಇಲ್ಲ. ಸುತ್ತಲಿನ ಗಾಳಿಯಲ್ಲೇ ಅದು ಮುಕ್ಕಾಲು ಪಾಲಿಗಿಂತ ಹೆಚ್ಚು; ಕಿಡಿಯಲ್ಲಿ ಕಂಡದ್ದು ಮಣ್ಣಿನದೋ ಗಾಳಿಯದೋ ಹೇಳುವುದು ಕಷ್ಟ. ಅವರ ಅರ್ಧ ಆಸಕ್ತಿ ಅಲ್ಲೇ ಹೋಯಿತು.

ಪುರಾತತ್ವದ ಗೆಳೆಯರೊಬ್ಬರು ಹಳೇಬೀಡಿನ ಬಳಪದ ಕಲ್ಲಿಗೂ ಒಮ್ಮೆ ಹಿಡಿಯೋಣ ಅಂದರು. ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ಗುಳಿ ಬೀಳುತ್ತದಲ್ಲ, ಒಪ್ಪಲಿಲ್ಲ. ಹೊರಗಿನ ಕಲ್ಲುಗಣಿಯ ಚೂರುಗಳ ಮೇಲೆ ಮಾಡಿದೆವು.

ಬ್ಯಾಟರಿ ಪರವಾಗಿಲ್ಲ. ಕಿಡಿ ಹೊಳಪಾಗಲೆಂದು ಬಿಡುವ ಆರ್ಗಾನ್ ಅನಿಲದ ಡಬ್ಬಿ ಬೇಗ ಮುಗಿಯುತ್ತದೆ, ತರಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು, ಮಾರಿದವರು ಈಗ ಫೋನು ಎತ್ತುವುದೂ ಅಪರೂಪ. ಕೊಳ್ಳುವ ಯೋಚನೆ ಇದ್ದರೆ, ಡೆಮೊ ದಿನ ಅವರು ತರುವ ಫಳಫಳ ಉಕ್ಕಿನ ತುಂಡು ಪಕ್ಕಕ್ಕಿಡಿಸಿ, ನಿಮ್ಮ ತೋಟದ ಒದ್ದೆ ಮಣ್ಣು ಮುಂದಿಡಿ.