ಡಿಂಪಲ್ ಚೆಂಡೋ, ನುಣುಪು ಚೆಂಡೋ? ಮಣ್ಣಲ್ಲೂ ಟರ್ಫ್‌ನಲ್ಲೂ ಆಡಿ ನೋಡಿದ್ದು

ನಮ್ಮ ಕೊಡಗಿನಲ್ಲಿ ಹಾಕಿ ಸ್ಟಿಕ್ ಕೊಳ್ಳುವಾಗ ನಡೆಯುವಷ್ಟು ಚರ್ಚೆ ಚೆಂಡು ಕೊಳ್ಳುವಾಗ ನಡೆಯುವುದಿಲ್ಲ. ಕೊಡವ ಹಾಕಿ ಹಬ್ಬಕ್ಕೆ ಮುಂಚೆ ನಮ್ಮ ಕುಟುಂಬದ ತಂಡ ಅಭ್ಯಾಸಕ್ಕಿಳಿದಾಗ ಮೂರು ಬಗೆಯ ಚೆಂಡುಗಳನ್ನು ಬೇಕೆಂದೇ ಬದಲಿಸಿ ಆಡಿದೆವು: ನುಣುಪಾದ ಹೊಸದು, ಮೈತುಂಬ ಗುಳಿಗಳಿರುವ ಡಿಂಪಲ್ ಚೆಂಡು, ಆಡಿ ಆಡಿ ತರಚಿಹೋದ ಹಳೆಯದು. ನಿಯಮ ಕೇಳುವುದು 156ರಿಂದ 163 ಗ್ರಾಂ ತೂಕ, 224ರಿಂದ 235 ಮಿ.ಮೀ. ಸುತ್ತಳತೆ, ನುಣುಪು ಮೈ. ಗುಳಿಗಳಿದ್ದರೆ ಅಡ್ಡಿಯಿಲ್ಲ.

ವ್ಯತ್ಯಾಸ ಎದ್ದು ಕಂಡದ್ದು ಉದ್ದದ ಸ್ಕೂಪ್‌ನಲ್ಲಿ, ಅಂದರೆ ಚೆಂಡನ್ನು ಸ್ಟಿಕ್ಕಿನಿಂದ ಎತ್ತಿ ಗಾಳಿಯಲ್ಲಿ ದೂರ ಹಾಕುವಾಗ. ನಾಪೋಕ್ಲು ಮೈದಾನದಲ್ಲಿ ನಮ್ಮ ಫುಲ್‌ಬ್ಯಾಕ್ ಒಂದೇ ಜಾಗದಿಂದ ಎತ್ತಿ ಹಾಕಿದಾಗ ಡಿಂಪಲ್ ಚೆಂಡು ನುಣುಪು ಚೆಂಡಿಗಿಂತ ಕೆಲವು ಹೆಜ್ಜೆ ಆಚೆ ಬೀಳುತ್ತಿತ್ತು. ಕಾರಣ ಇಷ್ಟೇ: ನುಣುಪು ಚೆಂಡಿನ ಮೈಗಂಟಿದ ಗಾಳಿಯ ತೆಳು ಪದರ ಬೇಗ ಬಿಟ್ಟುಹೋಗಿ, ಚೆಂಡಿನ ಹಿಂದೆ ಅಗಲವಾದ ಕಡಿಮೆ ಒತ್ತಡದ ಜಾಗ ಉಳಿಯುತ್ತದೆ. ಆ ಜಾಗವೇ ಚೆಂಡನ್ನು ಹಿಂದಕ್ಕೆ ಎಳೆಯುವುದು. ಗುಳಿಗಳು ಆ ಪದರವನ್ನು ಕದಡುತ್ತವೆ. ಕದಡಿದ ಗಾಳಿ ಇನ್ನಷ್ಟು ಹಿಂದಿನವರೆಗೂ ಅಂಟಿಕೊಂಡಿರುವುದರಿಂದ ಎಳೆತ ಕುಗ್ಗುತ್ತದೆ. ಜರ್ಮನಿಯ ವಿಜ್ಞಾನಿ ಪ್ರಾಂಟ್ಲ್ 1914ರಲ್ಲೇ ನುಣುಪು ಗೋಳಕ್ಕೆ ತೆಳ್ಳನೆಯ ತಂತಿ ಸುತ್ತಿ ಇದನ್ನು ತೋರಿಸಿದ್ದರು. ಗಾಲ್ಫ್ ಚೆಂಡಿನಲ್ಲಿ ಗುಳಿಗಳು ಎಳೆತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಹಾಕಿ ಚೆಂಡಿನ ಗುಳಿ ಅಷ್ಟು ಆಳವಿಲ್ಲ, ಹಾಗಾಗಿ ಅಷ್ಟೇ ಲಾಭ ನಿರೀಕ್ಷಿಸಬೇಡಿ.

ಹಳೇ ಚೆಂಡೂ ಒರಟೇ ತಾನೆ? ಹೌದು, ಕೆಲವು ಸಲ ಚೆನ್ನಾಗಿಯೇ ಹಾರಿತು. ಆದರೆ ಅದರ ಒಂದು ಮಗ್ಗುಲು ಮಾತ್ರ ತರಚಿತ್ತು. ಎರಡು ಕಡೆ ಗಾಳಿ ಒಂದೇ ಜಾಗದಲ್ಲಿ ಬಿಡದಿದ್ದರೆ ಚೆಂಡು ಪಕ್ಕಕ್ಕೆ ವಾಲುತ್ತದೆ, ಕ್ರಿಕೆಟ್‌ನ ಸ್ವಿಂಗ್ ಥರ. ಕೆಳಗೆ ಕಾಯುತ್ತಿರುವವರ ತಲೆಯ ಮೇಲೆ ಬರುವ ಚೆಂಡು ಹಾಗೆ ವಾಲುವುದು ಅಪಾಯ. ಸ್ಕೂಪ್ ಅಭ್ಯಾಸಕ್ಕೆ ಅದನ್ನು ದಯವಿಟ್ಟು ಬಳಸಬೇಡಿ.

ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ನಲ್ಲಿ ಮೂರಕ್ಕೂ ಫರಕು ಕಾಣಲಿಲ್ಲ. ಡಿ (ಗೋಲಿನ ಮುಂದಿನ ಅರೆವೃತ್ತ) ಅಂಚಿನಿಂದ ಗೋಲಿಗೆ 15 ಮೀಟರಿನೊಳಗಿನ ದೂರ, ಗಾಳಿಗೆ ಸಮಯವೇ ಸಿಗುವುದಿಲ್ಲ.

ಪೊನ್ನಂಪೇಟೆಯ ಟರ್ಫ್‌ನಲ್ಲಿ, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ, ಕಥೆಯೇ ಬೇರೆ. ನೀರು ಹಾಯಿಸಿದ ಟರ್ಫ್‌ನಲ್ಲಿ ಜೋರಾಗಿ ಹೊಡೆದ ನುಣುಪು ಚೆಂಡು ನೀರಿನ ಪದರದ ಮೇಲೆ ಜಾರಿ, ಸ್ಟಿಕ್ಕಿನ ಹತ್ತಿರ ಬಂದಾಗ ಪುಟಿದುಬಿಡುತ್ತಿತ್ತು. ಡಿಂಪಲ್ ಚೆಂಡು ನೆಲ ಹಿಡಿದು ಉರುಳಿತು, ಸ್ಟಿಕ್ಕಿನಿಂದ ತಡೆದು ನಿಲ್ಲಿಸಲು (ಟ್ರ್ಯಾಪ್ ಮಾಡಲು) ಎಷ್ಟೋ ಸಲೀಸು. ಹಾಕಿಯಲ್ಲಿ ಗುಳಿಗಳ ಮುಖ್ಯ ಕೆಲಸ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ, ಹಾರಾಟದ ಲಾಭ ಅದರ ಜೊತೆಗೆ ಸಿಕ್ಕಿದ್ದು.

ಮಣ್ಣಿನ ಮೈದಾನದಲ್ಲಿ ಮಾತ್ರ, ಮಳೆ ಬಿದ್ದ ಮರುದಿನ, ಗುಳಿಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಒಣಗುತ್ತದೆ. ಆಮೇಲೆ ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಬೇಕು. ಮಣ್ಣಿನಲ್ಲೇ ಆಡುವ ತಂಡಗಳು ದಿನದ ಅಭ್ಯಾಸಕ್ಕೆ ನುಣುಪು ಚೆಂಡನ್ನೇ ಇಟ್ಟುಕೊಂಡು, ಬ್ಯಾಕ್‌ಗಳ ಸ್ಕೂಪ್‌ಗೆಂದು ಒಂದೆರಡು ಡಿಂಪಲ್ ಚೆಂಡು ತಂದರೆ ಸಾಕು. ಟರ್ಫ್ ಸಿಗುವವರು ಎಲ್ಲವನ್ನೂ ಡಿಂಪಲ್ಲೇ ಕೊಳ್ಳಿ.