ಎಕ್ಸ್‌ಚೇಂಜ್ ಮಕ್ಕಳನ್ನು ಮುಂಬಯಿಯಲ್ಲಿ ಎಲ್ಲಿಗೆ ಕರೆದೊಯ್ಯಬೇಕು? ನನ್ನ ಓಟು ಮಾಟುಂಗಾಕ್ಕೆ

ಹೊರದೇಶದ ಹೈಸ್ಕೂಲ್ ಮಕ್ಕಳು ಇಲ್ಲಿನ ಮನೆಗಳಲ್ಲಿ ಉಳಿದುಕೊಂಡು ಇಲ್ಲೇ ಓದುವ ಎಕ್ಸ್‌ಚೇಂಜ್ ಕಾರ್ಯಕ್ರಮಗಳು ಗೊತ್ತಲ್ವಾ? ಮುಲುಂಡ್‌ನ ನಮ್ಮ ಮನೆಗೆ ಥಾಯ್ಲೆಂಡಿನ ಹುಡುಗಿ ಬಂದಿದ್ದಳು. ಹತ್ತಿರದ ಮನೆಗಳಲ್ಲಿ ಜರ್ಮನಿ, ಬ್ರೆಜಿಲ್, ಇಟಲಿಯ ಮಕ್ಕಳು. ಎಲ್ಲರಿಗೂ 16-17ರ ವಯಸ್ಸು. ಇವರನ್ನೂ ನಮ್ಮ ಮಕ್ಕಳನ್ನೂ ಒಟ್ಟಿಗೆ ಸುತ್ತಾಡಿಸುವ ಹೊಣೆ ಮನೆಯವರಾದ ನಮ್ಮದೇ. ಅಮ್ಯೂಸ್‌ಮೆಂಟ್ ಪಾರ್ಕ್, ಎಲಿಫೆಂಟಾ ದ್ವೀಪದ ಗುಹೆಗಳು, ಕಾನ್ಹೇರಿ ಗುಹೆಗಳು, ಊರೊಳಗಿನ ಬಡಾವಣೆ ಮಾಟುಂಗಾ, ಎಲ್ಲ ಮಾಡಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನಗೆ ಮಾಟುಂಗಾನೇ ಮೇಲು. ಯಾಕೆ ಅಂತ ಹೇಳಬೇಕಾದರೆ ಎಲಿಫೆಂಟಾದ ಟಿಕೆಟ್ ಕಿಟಕಿಯಿಂದಲೇ ಶುರು ಮಾಡಬೇಕು.

ಎಲಿಫೆಂಟಾ ವಿಶ್ವ ಪರಂಪರೆಯ ತಾಣ, 1987ರಿಂದ. ಅಂಥ ಸ್ಮಾರಕಗಳಲ್ಲಿ ಭಾರತೀಯರಿಗೆ 40 ರೂಪಾಯಿ ಟಿಕೆಟ್, ವಿದೇಶಿಯರಿಗೆ 600. ವಿದೇಶಿ ಪ್ರವಾಸಿಗೆ 600 ದೊಡ್ಡದಲ್ಲದಿರಬಹುದು. ಆದರೆ ಈ ಮಕ್ಕಳು ಪ್ರವಾಸಿಗರಲ್ಲ. ನಮ್ಮ ಮನೆಯಲ್ಲಿ ಉಂಡು, ಲೋಕಲ್ ರೈಲು ಹಿಡಿದು ಕಾಲೇಜಿಗೆ ಹೋಗುವವರು. ಕೈಯಲ್ಲಿ ತಿಂಗಳಿಗಿಷ್ಟು ಅಂತ ಪಾಕೆಟ್ ಮನಿ, ಅಷ್ಟೇ. 15 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ ಅನ್ನುವ ಅನುಕೂಲವೂ ಇವರ ವಯಸ್ಸಿಗೆ ಸಿಗುವುದಿಲ್ಲ.

ಇದರಲ್ಲಿ ಇನ್ನೊಂದು ತೊಡಕಿದೆ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಅಂತ ಭಾರತವೂ ಸೇರಿರುವ ನೆರೆಹೊರೆಯ ದೇಶಗಳ ಎರಡು ಒಕ್ಕೂಟಗಳಿವೆ, ಆ ದೇಶದವರಿಗೆ ಭಾರತೀಯರ ದರವೇ ಅನ್ವಯ. ಥಾಯ್ಲೆಂಡ್ ಬಿಮ್‌ಸ್ಟೆಕ್‌ನಲ್ಲಿದೆ. ಅಂದರೆ ನಮ್ಮ ಹುಡುಗಿಗೆ 40 ರೂಪಾಯಿ ಸಾಕು, ಆದರೆ ಅವಳು ಯಾವ ದೇಶದವಳು ಅಂತ ತೋರಿಸಬೇಕು. ಪಾಸ್‌ಪೋರ್ಟ್ ಬೀರುವಿನಲ್ಲಿ ಭದ್ರವಾಗಿತ್ತು. ದೋಣಿ, ರೈಲು ಅಂತ ಓಡಾಡುವ ಕಡೆಗೆಲ್ಲ ಅದನ್ನು ಹೊತ್ತೊಯ್ಯಬಾರದು ಅಂತ ಇಂಥ ಮಕ್ಕಳಿಗೆ ಬಂದ ದಿನವೇ ಹೇಳಿಕೊಡುತ್ತೇವೆ. ಕಿಟಕಿಯ ಹಿಂದಿದ್ದವರು ಸೌಜನ್ಯದಿಂದಲೇ ಮಾತಾಡಿದರು, ನಿಯಮ ಹೇಳಿದರು. ನಾವು 600 ಕೊಟ್ಟೆವು.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು ಒಂದು ಗಂಟೆ ದೋಣಿಯಲ್ಲಿ ಮಕ್ಕಳೆಲ್ಲ ಒಂದೇ ಗುಂಪಾಗಿ ಹಾಡಿಕೊಂಡು ಬಂದಿದ್ದರು. ಮೆಟ್ಟಿಲು ಹತ್ತಿ ಬಂದ ಮೇಲೆ ಟಿಕೆಟ್ ಕಿಟಕಿಯೆದುರು ಅವರು ಆ ಕಡೆ, ನಮ್ಮ ಮಕ್ಕಳು ಈ ಕಡೆ. ನಮ್ಮ ಮಗ ತನ್ನ ಟಿಕೆಟನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದ. ಜರ್ಮನ್ ಹುಡುಗ ತನ್ನ ಟಿಕೆಟ್ ನೋಡಿದ, ಇವನ ಮುಖ ನೋಡಿದ. ಒಳಗೆ ಸುಮಾರು 20 ಅಡಿಯ ತ್ರಿಮೂರ್ತಿಯ ಮುಂದೆ ನಿಂತಾಗಲೂ ಎರಡು ಗುಂಪು ಬೇರೆ ಬೇರೆಯಾಗೇ ಇತ್ತು. ಮತ್ತೆ ಒಂದಾಗಿದ್ದು ವಾಪಸ್ ದೋಣಿ ಹತ್ತಿದ ಮೇಲೆ. ಈ ದರದ ಹಿಂದೆ ಕಾರಣವಿರಬಹುದು. ಇಲ್ಲಿ ಕಾಲೇಜು ಓದುವ ವಿದ್ಯಾರ್ಥಿಗಾದರೂ ಅದರಿಂದ ಬಿಡುಗಡೆ ಕೊಡಬೇಕು ಅನ್ನುವುದು ನನ್ನ ಮನಸ್ಸಿನ ಮಾತು.

ಶಿಲ್ಪದ ಬಗ್ಗೆ ಎರಡು ಮಾತಿಲ್ಲ, ಎಲಿಫೆಂಟಾ ಅದ್ಭುತ. ಪೋರ್ಚುಗೀಸರು ದ್ವೀಪಕ್ಕೆ ಆ ಹೆಸರಿಡಲು ಕಾರಣವಾದ ಕಲ್ಲಾನೆ ಮಾತ್ರ ಅಲ್ಲಿಲ್ಲ. ಅದು ಈಗ ಮುಂಬಯಿಯೊಳಗೆ ಭಾಯ್‌ಖಳಾದ ರಾಣಿ ಬಾಗ್ ಉದ್ಯಾನದಲ್ಲಿದೆ. ಮಕ್ಕಳು ಅಲ್ಲಿ ಹುಡುಕುವ ಮೊದಲೇ ಹೇಳಿಬಿಡಿ. ದೋಣಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. 2024ರ ಡಿಸೆಂಬರ್‌ನಲ್ಲಿ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿಯಾಗಿ ಜನ ತೀರಿಕೊಂಡರಲ್ಲ, ಆಮೇಲೆ ಲೈಫ್ ಜಾಕೆಟ್ ಕಟ್ಟದೆ ಒಬ್ಬ ಮಗುವನ್ನೂ ಕೂರಿಸುವುದಿಲ್ಲ. ಬೇರೆಯವರ ಮಕ್ಕಳು ಇವರು. ಅವರ ಅಪ್ಪ ಅಮ್ಮನ ಒಪ್ಪಿಗೆಯನ್ನೂ ಮೊದಲೇ ತರಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಈ ಯೋಚನೆ ಬೇಡ.

ಅಮ್ಯೂಸ್‌ಮೆಂಟ್ ಪಾರ್ಕ್ ಬಗ್ಗೆ ಹೇಳುವುದು ಕಡಿಮೆ. ಎಲ್ಲಕ್ಕಿಂತ ದುಬಾರಿ, ಇಡೀ ದಿನ ಕ್ಯೂ. ಕ್ಯೂನಲ್ಲಿ ಎಲ್ಲರೂ ಫೋನ್ ನೋಡಿಕೊಂಡಿದ್ದರು. ಇಂಥದ್ದು ಅವರ ಊರಲ್ಲೂ ಇದೆ.

ಕಾನ್ಹೇರಿ ನನ್ನ ಎರಡನೇ ಆಯ್ಕೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ಊರಿನ ಮಧ್ಯದಲ್ಲೇ ಕಾಡು. ಒಂದೇ ಗುಡ್ಡದಲ್ಲಿ 100ಕ್ಕೂ ಜಾಸ್ತಿ ಬೌದ್ಧ ಗುಹೆಗಳು. ಇಲ್ಲೂ ಎರಡು ದರ ಇದೆ, 25 ಮತ್ತು 300, ಆದರೆ ಓಡಾಟ ಎಷ್ಟಿದೆಯೆಂದರೆ ಸ್ವಲ್ಪ ಹೊತ್ತಿಗೆ ಅದು ಮರೆತುಹೋಗುತ್ತದೆ. ಮಕ್ಕಳಿಗೆ ಹಿಡಿಸಿದ್ದು ನೀರಿನ ತೊಟ್ಟಿಗಳು. ಮಳೆನೀರು ಹರಿದು ಬರಲು ಬಂಡೆಯಲ್ಲೇ ಕಾಲುವೆ ಕೊರೆದಿದ್ದಾರೆ, ಗುಹೆಯ ಪಕ್ಕದಲ್ಲೇ ತೊಟ್ಟಿ. ಯಾವ ಕಾಲುವೆ ಯಾವ ತೊಟ್ಟಿಗೆ ಹೋಗುತ್ತದೆ ಅಂತ ಎಲ್ಲರೂ ಬಗ್ಗಿ ಬಗ್ಗಿ ಹುಡುಕಿದರು. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳೂ ಇಲ್ಲಿವೆ ಅಂತ ಹೇಳುವಾಗ ನನಗೆ ತುಂಬಾ ಹೆಮ್ಮೆಯಾಯಿತು. ಮಂಗಗಳಿವೆ, ತಿಂಡಿಯ ಚೀಲ ಹೊರಗೆ ತೆಗೆಯಬೇಡಿ. ಸೋಮವಾರ ಕಾನ್ಹೇರಿಯೂ ಮುಚ್ಚಿರುತ್ತದೆ, ಎಲಿಫೆಂಟಾವೂ.

ಇನ್ನು ಮಾಟುಂಗಾ. ಇಲ್ಲಿ ಟಿಕೆಟ್ ಕಿಟಕಿ ಅಂದರೆ ರೈಲಿನದು ಮಾತ್ರ. ಎಲ್ಲರಿಗೂ ಒಂದೇ ದರ.

ಭಾನುವಾರ ಬೆಳಿಗ್ಗೆ ಬೇಗ ಸ್ಲೋ ಲೋಕಲ್ ಹಿಡಿಯಬೇಕು, ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ. ಹೊತ್ತು ಏರಿದರೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ಓಡಾಟದಲ್ಲಿ ಅಡಚಣೆ, ಅದೂ ಎಷ್ಟೋ ಸಲ ಮಾಟುಂಗಾ-ಮುಲುಂಡ್ ನಡುವೆಯೇ. ಇಳಿದ ಸ್ಟೇಷನ್ನನ್ನೇ ಮಕ್ಕಳಿಗೆ ತೋರಿಸಿ. 2017ರಿಂದ ಪೂರ್ತಿ ಹೆಂಗಸರೇ ನಡೆಸಿದ ಸ್ಟೇಷನ್ ಅಂತ ಹೆಸರಾಗಿದ್ದು ಇದು. ಬ್ರೆಜಿಲ್ ಹುಡುಗಿ ಟಿಕೆಟ್ ಕೊಡುವವರ ಜೊತೆ ಹರಕುಮುರುಕು ಹಿಂದಿಯಲ್ಲಿ ಎಷ್ಟು ಹೊತ್ತು ಮಾತಾಡಿದಳು!

ಹೊರಗೆ ಬಂದರೆ ಹೂವಿನ ಅಂಗಡಿಗಳ ಸಾಲು. ಮೊದಲೇ ಹೇಳಿಟ್ಟಿದ್ದಕ್ಕೆ ಹೂ ಕಟ್ಟುವ ಅಜ್ಜಿಯೊಬ್ಬರು ಮಕ್ಕಳನ್ನು ಕೂರಿಸಿಕೊಂಡರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನೆನೆಸಿದ ಬಾಳೆನಾರು ಒಂದು ಸುತ್ತು, ಬೆರಳಿನಿಂದ ಕುಣಿಕೆ, ಎಳೆತ. ಜೋರಾಗಿ ಎಳೆದರೆ ತೊಟ್ಟು ತುಂಡಾಗುತ್ತದೆ, ಸಡಿಲ ಬಿಟ್ಟರೆ ಹೂ ಜಾರುತ್ತದೆ. ಎತ್ತರದ ಜರ್ಮನ್ ಹುಡುಗನ ದಪ್ಪ ಬೆರಳುಗಳಲ್ಲಿ ಮೊಗ್ಗು ನಿಲ್ಲುತ್ತಲೇ ಇರಲಿಲ್ಲ. ನಮ್ಮ ಮಗನಿಗೂ ಬರಲಿಲ್ಲ. ಇಬ್ಬರೂ ಒಂದು ನಾರಿನ ಎರಡು ತುದಿ ಹಿಡಿದುಕೊಂಡು ಕಲಿತರು. ಥಾಯ್ ಹುಡುಗಿ ಮಾತ್ರ ಒಂದೇ ಸಲಕ್ಕೆ ಕಟ್ಟಿದಳು. ಅವಳ ಊರಲ್ಲೂ ಮಲ್ಲಿಗೆ ಮಾಲೆ ಕಟ್ಟುತ್ತಾರಂತೆ. ಆಮೇಲೆ ಎಲ್ಲರಿಗೂ ಅವಳೇ ಟೀಚರ್.

ಅಲ್ಲಿಂದ ನಡೆದುಕೊಂಡು ಫೈವ್ ಗಾರ್ಡನ್ಸ್ ಪಾರ್ಕಿಗೆ ಹೋಗಿ ಲಗೋರಿ ಆಡಿಸಿದೆವು. ಏಳು ಕಲ್ಲು, ಒಂದು ಚೆಂಡು. ಭಾಷೆ ಬರದಿದ್ದರೂ ಒಂದು ಆಟ ನೋಡಿದರೆ ನಿಯಮ ಅರ್ಥವಾಗುತ್ತದೆ. ತಂಡ ಮಾಡುವಾಗ ದೊಡ್ಡವರು ಬಾಯಿ ಹಾಕಬೇಡಿ. ಅವರೇ ಕಲಸಿಕೊಂಡು ಮಾಡಿಕೊಳ್ಳುತ್ತಾರೆ.

ಊಟಕ್ಕೆ ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. 1942ರಿಂದ ಇದೆ. ಬಾಳೆಲೆ ಊಟ. ಭಾನುವಾರ ಕಾಯಬೇಕಾಗುತ್ತದೆ, ಹಸಿವು ಕೆಣಕುವ ಮೊದಲೇ ಹೋಗಿ. ಹಲವು ದೇಶದ ಮಕ್ಕಳಿದ್ದಾಗ ಒಬ್ಬರಿಗೆ ಹಂದಿ ಆಗದು, ಇನ್ನೊಬ್ಬರು ಮಾಂಸವೇ ಮುಟ್ಟರು. ಸಸ್ಯಾಹಾರಿ ಎಲೆಯ ಮುಂದೆ ಆ ತಕರಾರೇ ಇಲ್ಲ. ಕಡಲೆಕಾಯಿ ಅಲರ್ಜಿ ಇದ್ದವರಿದ್ದರೆ ಬಡಿಸುವವರನ್ನು ಕೇಳಿಕೊಳ್ಳಿ. ಖಾರ ಆಯಿತೆಂದರೆ ಮೊಸರನ್ನ ಕಲಸಿಕೊಡಿ.

ಖರ್ಚಿನ ಲೆಕ್ಕ ಹೇಳುವುದಾದರೆ, ಎಲಿಫೆಂಟಾದ ಒಂದು ವಿದೇಶಿ ಟಿಕೆಟಿನ ದುಡ್ಡಿನಲ್ಲಿ ಇಲ್ಲಿ ಒಬ್ಬರ ರೈಲು, ಹೂವು, ಊಟ, ಕಾಫಿ ಎಲ್ಲ ಮುಗಿಯುತ್ತದೆ. ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನಾವು ಯಾರಿಂದಲೂ ದುಡ್ಡು ತಗೊಳ್ಳುವುದಿಲ್ಲ, ಹಾಗಾಗಿ ಈ ಲೆಕ್ಕ ನನಗೆ ಮುಖ್ಯ. ಬೆಳಿಗ್ಗೆ ಬೇಗ ಏಳುವುದು, ನಡೆಯುವುದು ನನಗೆ ರೂಢಿ. ಕಾರಿನಲ್ಲೇ ಓಡಾಡುವ ಮನೆಯವರಿಗೆ ಇದು ಹಿಡಿಸದೇ ಇರಬಹುದು, ಅಂಥವರು ಚಳಿಗಾಲದಲ್ಲಿ ಎಲಿಫೆಂಟಾಕ್ಕೇ ಹೋಗಲಿ, ಬಿಮ್‌ಸ್ಟೆಕ್ ದೇಶದ ಮಗುವಿದ್ದರೆ ಪಾಸ್‌ಪೋರ್ಟನ್ನು ದೊಡ್ಡವರೊಬ್ಬರು ಚೀಲದಲ್ಲಿ ಇಟ್ಟುಕೊಳ್ಳಲಿ. ಮುಂದಿನ ತಂಡ ಮಳೆಗಾಲದಲ್ಲೇ ಬಂದಿಳಿಯುತ್ತದೆ. ಅವರಿಗೆ ಮೊದಲ ಭಾನುವಾರ ಮಾಟುಂಗಾ, ಮಳೆ ನಿಂತ ಕೂಡಲೇ ಕಾನ್ಹೇರಿ ಅಂತ ಈಗಲೇ ಬರೆದಿಟ್ಟಿದ್ದೇನೆ.